ಒಣ ಆವಾಜು, ಹಸಿ ಆವಾಜು

ಈ ಸಲದ ದೀಪಾವಳಿಗೆ ನನ್ನ ಮಗ ಮನೆಗೆ ಹೊಸ ಹಾಡಿನ ಪೆಟ್ಟಿಗೆ ತಂದ. ಪೆಟ್ಟಿಗೆ ಅಂದೆನಲ್ಲ, ತಪ್ಪು. ಅವು ಐದು ಪೆಟ್ಟಿಗೆಗಳು. ಎರಡು ಟಿವಿಯ ಅಕ್ಕಪಕ್ಕ, ಎರಡು ನಮ್ಮ ಬೆನ್ನ ಹಿಂದೆ, ಇನ್ನೊಂದು ದಪ್ಪನೆಯದು ಸೋಫಾದ ಮೂಲೆಯಲ್ಲಿ ನೆಲದ ಮೇಲೆ. ಆ ದಪ್ಪನೆಯದಕ್ಕೆ ಊಫರ್ ಅನ್ನುತ್ತಾರಂತೆ. ಅದು ಬಾಯಿ ತೆರೆದರೆ ಸಾಕು, ಅಡುಗೆಮನೆಯ ಸ್ಟೀಲ್ ಡಬ್ಬಿಗಳೆಲ್ಲ ತಾಳ ಹಾಕುತ್ತವೆ. ಮಗ ಊರಾಚೆ ಕೊಳಾರದ ಕಾರ್ಖಾನೆಯಲ್ಲಿ ದಿನವಿಡೀ ಯಂತ್ರಗಳ ಗದ್ದಲದಲ್ಲಿ ನಿಂತು ಬರುವವನು. ಮನೆಗೆ ಬಂದ ಮೇಲೂ ಇವನಿಗೆ ಇನ್ನಷ್ಟು ಗದ್ದಲ ಯಾಕೆ ಬೇಕೋ, ಆ ದೇವರಿಗೇ ಗೊತ್ತು.

ತಂದ ದಿನವೇ ಅವನು ನನ್ನ ತೋಳು ಹಿಡಿದು ಐದೂ ಪೆಟ್ಟಿಗೆಗಳ ನಡುವೆ ಕೂರಿಸಿದ. ಅಲ್ಲೇ ಕೂತರೆ ಮಾತ್ರ ಸರಿಯಾಗಿ ಕೇಳಿಸುತ್ತದಂತೆ, ಒಂದು ಗೇಣು ಆಚೀಚೆ ಆದರೂ ಮಜಾ ಇಲ್ಲವಂತೆ. ಒಂದು ಹಾಡು ಹಚ್ಚಿ ಬಾಸು, ಟ್ರೆಬಲ್ಲು, ಕ್ಲಾರಿಟಿ ಅಂತ ಏನೇನೋ ವಿವರಿಸಿದ. ಹಾಡು ಮುಗಿದ ಮೇಲೆ ಎದುರಿಗೆ ಕುಕ್ಕರಗಾಲಲ್ಲಿ ಕೂತು ಕೇಳಿದ: “ಹ್ಯಾಂಗ ಅದ ಅವ್ವ, ಆವಾಜ್?”

ನಾನು ಮನಸ್ಸು ಬಿಚ್ಚಿ ಹೇಳಿದೆ: “ಭಾಳ ಚಲೋ ಒಣಗ್ಯಾದ ನೋಡಪ್ಪ.”

ಅವನ ಮುಖ ಸಣ್ಣದಾಯಿತು. ರಿಮೋಟು ಹಿಡಿದು ಅದನ್ನಿಷ್ಟು ಏರಿಸಿದ, ಇದನ್ನಿಷ್ಟು ಇಳಿಸಿದ. ಆಮೇಲೆ ಗ್ಯಾಲರಿಗೆ ಹೋಗಿ ಅಂಗಡಿಯವನಿಗೆ ಫೋನು ಮಾಡಿ, ನಮ್ಮ ಅವ್ವ ಆವಾಜ್ ಒಣಗ್ಯಾದ ಅಂತಾಳ, ಏನಾರ ಮಾಡ್ರಿ ಎಂದು ಅಲವತ್ತುಕೊಂಡದ್ದು ನನಗೆ ಕೇಳಿಸಿತು. ಎರಡು ವರ್ಷದ ಗ್ಯಾರಂಟಿ ಇದೆ, ಅಷ್ಟರಲ್ಲಿ ಒಣಗುವ ಮಾತೇ ಇಲ್ಲ ಎಂದು ಅಂಗಡಿಯವನು ಆಣೆ ಮಾಡಿ ಹೇಳಿದನಂತೆ. ಸೊಸೆ ನನ್ನ ಕಿವಿಗೆ ಎಣ್ಣೆ ಬಿಡಬೇಕೇನೋ ಎಂದು ಯೋಚಿಸುತ್ತಿದ್ದಳು.

ಪಾಪ, ಅವರದೇನು ತಪ್ಪು? ನಾನು ಕೊಟ್ಟದ್ದು ನನ್ನ ತವರುಮನೆಯಲ್ಲಿ ಒಂದು ಆವಾಜಿಗೆ ಸಿಗಬಹುದಾಗಿದ್ದ ಎಲ್ಲಕ್ಕಿಂತ ದೊಡ್ಡ ಸರ್ಟಿಫಿಕೇಟು. ಆದರೆ ಅದನ್ನು ಕೊಟ್ಟ ಭಾಷೆ ಈ ಮನೆಯಲ್ಲಿ ಯಾರಿಗೂ ಬಾರದು. ಆ ಭಾಷೆ ಬಲ್ಲವಳೆಂದರೆ ಈಗ ನಾನೊಬ್ಬಳೇ. ಸತ್ತರೆ ನನ್ನ ಜೊತೆ ಅದೂ ಹೋಗುತ್ತದೆ. ಅದಕ್ಕೇ ನಿಮ್ಮ ಮುಂದೆ ಕೂತಿದ್ದೇನೆ. ಚಹಾ ಕುಡಿಯುತ್ತ ಕೇಳಿ.

ನನ್ನ ಅಪ್ಪನದು ಭಾಲ್ಕಿಯ ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ಅಡತ್ ಅಂಗಡಿ. ರೈತರು ಚಕ್ಕಡಿಯಲ್ಲಿ ತಂದ ತೊಗರಿ, ಹೆಸರು, ಉದ್ದುಗಳನ್ನು ವ್ಯಾಪಾರಿಗಳಿಗೆ ಮಾರಿಸಿಕೊಡುವುದು ಅವರ ಕೆಲಸ. ಕಾಳು ಒಣಗಿದೆಯೋ ಇಲ್ಲವೋ ಎಂದು ನೋಡಲು ಬೇರೆಯವರು ಹಲ್ಲಿನಿಂದ ಕಡಿಯುತ್ತಿದ್ದರು. ಅಪ್ಪ ಕಡಿಯುತ್ತಿರಲಿಲ್ಲ. ಒಂದು ಹಿಡಿ ಕಾಳನ್ನು ಎದೆಯೆತ್ತರದಿಂದ ಹಿತ್ತಾಳೆಯ ತಾಟಿಗೆ ಬಿಟ್ಟು ಕಣ್ಣು ಮುಚ್ಚಿ ಕೇಳುತ್ತಿದ್ದರು. ಒಣಗಿದ ತೊಗರಿ ಖಣಖಣ ಅನ್ನುತ್ತದೆ. ಹಸಿ ಇದ್ದರೆ ದಬದಬ ಅಂದು ಸುಮ್ಮನಾಗುತ್ತದೆ. ಅಪ್ಪನ ಹಲ್ಲುಗಳಲ್ಲಿ ಅರ್ಧ ಆಗಲೇ ಉದುರಿದ್ದರಿಂದ ಈ ವಿದ್ಯೆ ಹುಟ್ಟಿತು ಎಂದು ಅವ್ವ ಚುಡಾಯಿಸುತ್ತಿದ್ದಳು. ಇದ್ದೀತು.

ಇಂಥ ಮನುಷ್ಯನ ಮನೆಗೆ ರೇಡಿಯೋ ಬಂತು. ಅಪ್ಪ ಅದನ್ನು ಹೈದರಾಬಾದಿನಿಂದ ರೈಲಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ತಂದರು. ಸಾಗವಾನಿ ಕಟ್ಟಿಗೆಯ ಮೈ, ಎದುರಿಗೆ ಬಂಗಾರದ ಬಣ್ಣದ ಬಟ್ಟೆ, ಎರಡು ಗುಂಡಿಗಳು, ಇಟ್ಟಿಗೆಯಷ್ಟು ದೊಡ್ಡ ಬ್ಯಾಟರಿ. ಮಾಳಿಗೆಯ ಮೇಲೆ ಎರಡು ಬಿದಿರು ನೆಟ್ಟು ತಂತಿ ಕಟ್ಟಿದ್ದಾಯಿತು. ಗುಂಡಿ ತಿರುವಿದರೆ ಅದು ತಕ್ಷಣ ಮಾತಾಡುತ್ತಿರಲಿಲ್ಲ. ಸ್ವಲ್ಪ ಹೊತ್ತು ಒಳಗೇ ಬಿಸಿಯಾಗಿ, ಗೊಣಗಿ, ಆಮೇಲೆ ದೂರದಿಂದ ನಡೆದು ಬಂದವರ ಹಾಗೆ ದನಿ ಹತ್ತಿರವಾಗುತ್ತಿತ್ತು.

ಅಪ್ಪನಿಗೆ ಹಾಡು ಬೇಕಾಗಿರಲಿಲ್ಲ, ಆವಾಜು ಬೇಕಿತ್ತು. ಯಾರು ಹಾಡಿದರು, ಏನು ಹಾಡಿದರು ಎಂದು ಕೇಳಿದರೆ ಗೊತ್ತಿರುತ್ತಿರಲಿಲ್ಲ. ಆವಾಜು ಹೇಗಿತ್ತು ಎಂದು ಕೇಳಿದರೆ ಮಾತ್ರ ಗಂಜಿನ ಭಾಷೆಯಲ್ಲಿ ಹೇಳುತ್ತಿದ್ದರು. ದನಿ ಸ್ಪಷ್ಟವಾಗಿ ಬಂದರೆ ಒಣಗಿದೆ. ಗುಂಯ್ ಎಂದು ಮಬ್ಬಾಗಿ ಬಂದರೆ ಹಸಿ. ಹಿಂದಿನಿಂದ ಸುಂಯ್ ಅನ್ನುವುದು ಹೊಟ್ಟು, ನಡುನಡುವೆ ಪಟ್ ಪಟ್ ಅಂದರೆ ಕಾಳಿನೊಳಗಿನ ಕಲ್ಲಿನ ಹರಳು. ಭಾರಿ ಗಂಟಲಿನ ಒಬ್ಬ ಭಾಷಣಕಾರರು ಆಗ ಬರುತ್ತಿದ್ದರು. ಅವರನ್ನು ಮಾತ್ರ ಅಪ್ಪ ಜೊಳ್ಳು ಎಂದು ತೀರ್ಮಾನಿಸಿದ್ದರು, ಅದು ಆವಾಜಿನ ಬಗ್ಗೆಯೋ ಭಾಷಣದ ಬಗ್ಗೆಯೋ ನನಗೆ ಈಗಲೂ ಗೊತ್ತಿಲ್ಲ.

ರೇಡಿಯೋವನ್ನು ಎಲ್ಲಿಡಬೇಕು ಎನ್ನುವುದೇ ಒಂದು ದೊಡ್ಡ ಕಥೆ. ಮೊದಲು ಗೋಡೆಯ ಗೂಡಿನಲ್ಲಿಟ್ಟರು, ಹಸಿ ಆಯಿತು. ಮೇಜಿನ ಮೇಲಿಟ್ಟರೆ ಮೇಜೇ ನಡುಗಿತು. ಕಡೆಗೆ ಚೀಲದ ಮೇಲಿಟ್ಟು ನೋಡಿದರು, ಅದು ಹಿಡಿಸಿತು. ಅಲ್ಲಿಗೆ ಬಿಟ್ಟರೆ? ಉದ್ದಿನ ಚೀಲದ ಮೇಲೆ ದನಿ ಭಾರವಾಗುತ್ತದೆ, ಹೆಸರಿನ ಚೀಲದ ಮೇಲೆ ತೆಳುವಾಗುತ್ತದೆ, ತೊಗರಿಯ ಚೀಲವೇ ಸರಿ ಎಂದು ತೀರ್ಮಾನಿಸಿದರು. ತೊಗರಿಗೆ ಬೆಲೆ ಏರಿ ಎಲ್ಲ ಚೀಲಗಳೂ ಮಾರಿಹೋದ ವರ್ಷವೂ ಪಡಸಾಲೆಯಲ್ಲಿ ಒಂದು ಚೀಲ ತೊಗರಿ ರೇಡಿಯೋದ ಕೆಳಗೆ ನಿಶ್ಚಿಂತೆಯಾಗಿ ಕೂತಿತ್ತು. ಅವ್ವ ಬೇಳೆ ಒಡೆಯಲು ಅದರಿಂದ ಒಂದು ಸೇರು ತೆಗೆದರೆ ಅಪ್ಪ ಸಂಜೆ ಬಂದು, ಆವಾಜು ಕೆಳಗೆ ಇಳಿದಿದೆ ಅನ್ನುತ್ತಿದ್ದರು. ಮಳೆಗಾಲದಲ್ಲಂತೂ ಅಂಗಳದಲ್ಲಿ ಕಾಳು ಹರವಿದ ಪಕ್ಕದಲ್ಲೇ ರೇಡಿಯೋವನ್ನೂ ಬಿಸಿಲಿಗೆ ಇಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅದೇ ಕಾಲಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ನಿನ್ನೆಯವರೆಗೆ ಹೈದರಾಬಾದಿನವರು, ಇವತ್ತಿನಿಂದ ಮೈಸೂರಿನವರು. ನಮ್ಮ ಪೈಕಿ ಕೆಲವರ ಹೊಲ ಮಹಾರಾಷ್ಟ್ರದ ಕಡೆ ಹೋಯಿತು, ಮನೆ ಈ ಕಡೆ ಉಳಿಯಿತು. ಸಾಲೆಯಲ್ಲಿ ನಮಗೆ ಕನ್ನಡ ಅಕ್ಷರ ಶುರುವಾಯಿತು. ಉರ್ದು ಓದಿದ್ದ ಅಪ್ಪ ನನ್ನ ಪಾಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ಎಡದಿಂದ ಹೋಗುತ್ತದೋ ಬಲದಿಂದ ಬರುತ್ತದೋ ಎಂದು ನನ್ನನ್ನೇ ಕೇಳುತ್ತಿದ್ದರು. ಮುಂದೆ ನಾನು ಕನ್ನಡದ ಟೀಚರಾದದ್ದು ಆ ಪಾಟಿಯಿಂದಲೇ ಇರಬೇಕು.

ತಾಲೂಕು ಕಚೇರಿಗೆ ಮೈಸೂರು ಸೀಮೆಯಿಂದ ಒಬ್ಬ ಗುಮಾಸ್ತರು ಬಂದರು. ನಮ್ಮ ಖಾರಕ್ಕೆ ಕಣ್ಣೀರು ಹಾಕುತ್ತ, ನಮ್ಮ ಕನ್ನಡಕ್ಕೆ ಬೆವರುತ್ತ ದಿನ ಕಳೆಯುತ್ತಿದ್ದ ಪಾಪದ ಮನುಷ್ಯ. ಸಂಜೆಗೆ ನಮ್ಮ ಪಡಸಾಲೆಗೆ ಬಂದು ರೇಡಿಯೋದಲ್ಲಿ ಬೆಂಗಳೂರು ಹಚ್ಚಿಸುತ್ತಿದ್ದರು. ಬೆಂಗಳೂರು ನಮ್ಮಲ್ಲಿಗೆ ಬರುತ್ತಿದ್ದುದು ಮುಕ್ಕಾಲು ಪಾಲು ಸುಂಯ್ ಎಂದೇ. ಅವರು ಕಣ್ಣು ಮುಚ್ಚಿ ಆಹಾ ಏನು ನಾದ ಅನ್ನುತ್ತಿದ್ದರು. ಅಪ್ಪ ಹೊಟ್ಟು ಅನ್ನುತ್ತಿದ್ದರು. ಒಂದು ದಿನ ಅಪ್ಪ, ಆವಾಜು ಹಸಿ ಇದೆ ಎಂದಾಗ ಗುಮಾಸ್ತರು ತಡೆಯಲಾರದೆ ಕೇಳಿಯೇಬಿಟ್ಟರು: “ಹಸಿ ಅಂದ್ರೆ ಏನು ಸ್ವಾಮಿ, ಬೇಯಿಸಬೇಕಾ?” ಅಪ್ಪ ಅಷ್ಟೇ ಗಂಭೀರವಾಗಿ, “ಇಲ್ರಿ ಸಾಹೇಬ್ರ, ಬಿಸಲಿಗಿ ಇಡಬೇಕ್ರಿ” ಎಂದರು. ಈಗ ನೆನೆದರೆ ಅನಿಸುತ್ತದೆ, ಆ ಹೊಟ್ಟಿನೊಳಗೆ ಅವರಿಗೆ ಅವರ ಊರು ಕೇಳಿಸುತ್ತಿತ್ತು. ನಮಗೆ ಕೇಳಿಸದಿದ್ದರೆ ಅವರೇನು ಮಾಡಬೇಕು?

ನಮ್ಮ ಅವ್ವನ ತವರು ಔರಾದಿನ ಹತ್ತಿರದ ಹಳ್ಳಿ. ಕುರಿ ಸಾಕುವ ಮನೆ, ಮಳೆ ನಂಬಿದ ಹೊಲ. ಆದರೆ ಅವಳ ಜೀವ ಇದ್ದದ್ದು ತಂಗಿಯಲ್ಲಿ. ಆ ತಂಗಿ, ನನ್ನ ಗಂಗು ಮೌಶಿ, ಮದುವೆಯಾಗಿ ಹೈದರಾಬಾದಿಗೆ ಹೋಗಿದ್ದಳು. ಅವಳ ಗಂಡನಿಗೆ ಅಲ್ಲಿನ ಮಿಲ್ಲಿನಲ್ಲಿ ಕೆಲಸ. ಮದುವೆಗೆ ಮುಂಚೆ ಅಕ್ಕತಂಗಿಯರು ಒಂದೇ ಬೀಸುಕಲ್ಲಿನ ಗೂಟ ಹಿಡಿದು ಜೋಳ ಬೀಸುತ್ತ ಬೆಳೆದವರು. ಬೀಸುವಾಗಿನ ಹಾಡನ್ನು ಹಂಚಿಕೊಂಡಿದ್ದರು. ಒಂದು ಸಾಲು ತಂಗಿಯದು, ಅದಕ್ಕೆ ಕೂಡುವ ಸಾಲು ಅಕ್ಕನದು. ಒಬ್ಬಳ ಸಾಲನ್ನು ಇನ್ನೊಬ್ಬಳು ಎಂದೂ ಹಾಡುತ್ತಿರಲಿಲ್ಲ. ಅದು ಅವರಿಬ್ಬರ ಕಾನೂನು. ಹಾಗಾಗಿ ಒಬ್ಬಳೇ ಕೂತರೆ ಯಾರಿಗೂ ಪೂರ್ತಿ ಹಾಡು ಬರುತ್ತಿರಲಿಲ್ಲ.

ಒಂದು ಬೇಸಿಗೆ, ಕಂಬಳಿ ಮಾರಲು ಹೈದರಾಬಾದಿಗೆ ಹೋಗಿದ್ದ ನನ್ನ ಸೋದರಮಾವ ತಿರುಗಿ ಬರುವಾಗ ಭಾಲ್ಕಿಯಲ್ಲಿ ಇಳಿದ. ನೆಟ್ಟಗೆ ಅಡುಗೆಮನೆಗೆ ಬಂದು ಅವ್ವನ ಮುಂದೆ ಕೂತ. ಗಂಗು ಹೈದರಾಬಾದಿನ ರೇಡಿಯೋದಲ್ಲಿ ಹಾಡುತ್ತಾಳೆ, ಹೆಂಗಸರ ಕಾರ್ಯಕ್ರಮದಲ್ಲಿ, ಕನ್ನಡದಲ್ಲಿ, ಬೀಸುವ ಹಾಡು, ಬರುವ ಗುರುವಾರ ಮಧ್ಯಾಹ್ನ ಎಂದ. ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. ಮಾವ ದನಿ ತಗ್ಗಿಸಿ ತಂಗಿಯ ಮಾತನ್ನು ಹಾಗೇ ಒಪ್ಪಿಸಿದ: “ನನ್ನ ಸಾಲು ಹೇಳಿ ನಾ ತಡಿತೇನಿ. ಅಕ್ಕ ಅಲ್ಲಿಂದ ತನ್ನ ಸಾಲು ಹೇಳ್ಲಿ. ಅಕಿ ಮುಗಿಸೂ ತನಕ ನಾ ಮುಂದ ಹೋಗೂದಿಲ್ಲ ಅಂತ ಹೇಳು ಅಂದಾಳ.”

ಅವ್ವ ಇದನ್ನು ಅಪ್ಪನಿಗೆ ಹೇಳಲಿಲ್ಲ. ತಂಗಿ ಹಾಡುತ್ತಾಳೆ ಎಂದಷ್ಟೇ ಹೇಳಿದಳು. ಗಂಜಿನ ಗಂಡಸರೆಲ್ಲ ತುಂಬಿರುವ ಪಡಸಾಲೆಯ ಬಾಗಿಲಲ್ಲಿ ಕೂತು ತಾನೂ ದನಿ ಎತ್ತುತ್ತೇನೆ ಎಂದು ಹೇಗೆ ಹೇಳಿಯಾಳು? ಮೆಲ್ಲಗೆ ಹಾಡಿಬಿಡುತ್ತೇನೆ, ಯಾರಿಗೂ ಕೇಳಿಸುವುದಿಲ್ಲ, ನೀನೂ ಬಾಯಿ ಬಿಡಬೇಡ ಎಂದು ನನ್ನ ಕೈ ಹಿಡಿದು ಹೇಳಿದಳು. ನಾವು ಮೈಸೂರಾದೆವು, ಹೈದರಾಬಾದು ಬೇರೆಯಾಯಿತು, ಇನ್ನು ಆ ರೇಡಿಯೋದಲ್ಲಿ ನಮ್ಮ ಮಾತು ಎಷ್ಟು ದಿನವೋ ಎಂದು ಊರಲ್ಲಿ ಮಾತು ಹಬ್ಬಿತ್ತು. ಇದೊಂದೇ ಸಲ ಎಂದು ಅವ್ವನಿಗೆ ಅನಿಸಿಬಿಟ್ಟಿತ್ತು. ಆ ವಾರವೆಲ್ಲ ಅವಳು ನೀರು ಸೇದುವಾಗ, ಸಗಣಿ ಬಳಿಯುವಾಗ ತುಟಿ ಅಲ್ಲಾಡಿಸುತ್ತಿದ್ದುದನ್ನು ನಾನು ಕಂಡೆ.

ಅಪ್ಪನೂ ತಯಾರಿಗೆ ಬಿದ್ದರು. ನಾದಿನಿಯ ಹಾಡೆಂದರೆ ಕಡಿಮೆ ಮಾತೇ? ಹೊಸ ಬ್ಯಾಟರಿ ಬಂತು. ಮಾಳಿಗೆಯ ತಂತಿ ಇನ್ನೂ ಎತ್ತರಕ್ಕೇರಿತು. ತೊಗರಿ ಚೀಲದ ಮೇಲೆ ಮಾವ ಕೊಟ್ಟ ಕಂಬಳಿ ಹಾಸಿ, ಆವಾಜು ಇನ್ನಷ್ಟು ಒಣಗಿತು ಎಂದು ಹಿಗ್ಗಿದರು. ಅವ್ವ ಬೀಸುಕಲ್ಲನ್ನು ಬಾಗಿಲ ಹತ್ತಿರ ಎಳೆದುಕೊಂಡು, ಬೀಸುತ್ತ ಕೇಳುತ್ತೇನೆ ಎಂದಾಗ ಮಾತ್ರ ಅಪ್ಪ ಒಪ್ಪಲಿಲ್ಲ. ಕಲ್ಲಿನ ಗುರುಗುರುವಿನಲ್ಲಿ ನಿನ್ನ ತಂಗಿಯ ಆವಾಜು ಕೆಡುತ್ತದೆ ಎಂದರು. ಅವ್ವ ಬರಿಗೈಯಲ್ಲಿ ಹೊಸ್ತಿಲ ಒಳಗೆ ಕೂತಳು. ನಾನು ಅವಳ ಪಕ್ಕದಲ್ಲಿದ್ದೆ.

ಗುರುವಾರ ಮಧ್ಯಾಹ್ನ ಪಡಸಾಲೆ ತುಂಬಿತ್ತು. ರೇಡಿಯೋದಲ್ಲಿ ಒಬ್ಬ ಹೆಂಗಸು ಹೆಸರು ಹೇಳಿದಳು. ಆಮೇಲೆ ಮೌಶಿಯ ದನಿ ಬಂತು. ಅಯ್ಯೋ, ಅದನ್ನು ಹೇಗೆ ಹೇಳಲಿ? ಹೊಟ್ಟಿತ್ತು, ಹರಳಿತ್ತು, ಆದರೂ ಅದು ನಮ್ಮ ಮೌಶಿಯೇ. ಮೊದಲ ಸಾಲು ಹಾಡಿದಳು. ಸಾಲಿನ ಕೊನೆಯನ್ನು ಎಳೆದು ಬಿಟ್ಟಳು. ತಡೆದಳು.

ಅವ್ವ ಬಾಯಿ ತೆರೆದಳು. ಅವಳ ಸಾಲಿನ ಮೊದಲ ಅಕ್ಷರ ನನಗೆ ಕೇಳಿಸಿತು.

“ಅರೆ, ಕಟ್ಟಾತಲ್ಲ!” ಎಂದು ಅಪ್ಪ ಗುಂಡಿಗೆ ಕೈ ಹಾಕಿದರು.

ಅಪ್ಪಾ ಎಂದೆ. ಅಪ್ಪ ಚುಪ್ ಎಂದರು. ಗುಂಡಿ ಬಲಕ್ಕೆ ಹೋಯಿತು, ಶಿಳ್ಳು ಹಾಕಿತು, ಎಡಕ್ಕೆ ಬಂತು, ಎಲ್ಲಿಂದಲೋ ಯಾರೋ ಕೆಮ್ಮಿದರು, ಮತ್ತೆ ಬಲಕ್ಕೆ. ಕಳೆದುಹೋದ ದನಿಯನ್ನು ಹುಡುಕುತ್ತಿದ್ದೇನೆ ಎಂದುಕೊಂಡು ಅಪ್ಪ ಇದ್ದ ದನಿಯಿಂದ ದೂರ ದೂರ ಹೋದರು. ಹಣೆಯಲ್ಲಿ ಬೆವರು ಸಾಲಿಟ್ಟಿತ್ತು. ತಿರುಗಿ ಹೈದರಾಬಾದು ಸಿಕ್ಕಾಗ ಗಂಡಸೊಬ್ಬ ಉರ್ದುವಿನಲ್ಲಿ ಹವಾಮಾನ ಹೇಳುತ್ತಿದ್ದ. ಆವಾಜು ಖಣಖಣ ಒಣಗಿತ್ತು.

ಹೊಟ್ಟು ಕೇರಲು ಹೋದೆ ಎಂದು ಅಪ್ಪ ಪೆಚ್ಚಾಗಿ ಹೇಳಿದರು. ಬಂದವರಲ್ಲಿ ಒಬ್ಬರು, ಕಾಳನ್ನೂ ಹಾರಿಸಿಬಿಟ್ಟಿರಲ್ಲ ಸಾವಕಾರ್ರ ಎಂದು ನಕ್ಕರು. ಎಲ್ಲರೂ ನಕ್ಕರು. ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು, ಏನೋ ತಿಂದು ಮುಗಿಸಿದವಳ ಹಾಗೆ ಎದ್ದು ಒಳಗೆ ಹೋದಳು. ಬೈಯಲಿಲ್ಲ. ಅವತ್ತು ಬೈದಿದ್ದರೆ ಚೆನ್ನಾಗಿತ್ತು.

ಪಂಚಮಿಗೆ ಗಂಗು ಮೌಶಿ ತವರಿಗೆ ಹೊರಟವಳು ಅಕ್ಕನಿಗಾಗಿ ಭಾಲ್ಕಿಯಲ್ಲಿ ಇಳಿದಳು. ಅಡುಗೆಮನೆಯಲ್ಲಿ ಇಬ್ಬರೂ ಉಂಡೆ ಕಟ್ಟುತ್ತ ಕೂತರು, ನಾನು ಎಳ್ಳುಂಡೆ ಕದಿಯುತ್ತ ಕೂತೆ. ಗೋಡೆಯ ಆಚೆ ಪಡಸಾಲೆಯಲ್ಲಿ ಅಪ್ಪ ತಾಟಿಗೆ ಕಾಳು ಬಿಟ್ಟು ಕೇಳುತ್ತಿದ್ದರು. ಖಣಖಣ ಸದ್ದು ಒಳಗೂ ಬರುತ್ತಿತ್ತು.

ಮೌಶಿ ಕೇಳಿದಳು: “ಅಕ್ಕಾ, ನಾ ತಡದಾಗ ನೀ ನಿನ್ನ ಸಾಲು ಹೇಳ್ದಿ ಇಲ್ಲೋ?”

ಅವ್ವ ಉಂಡೆಯನ್ನು ಅಂಗೈಯಲ್ಲಿ ಇನ್ನೊಂದು ಸುತ್ತು ತಿರುವಿ ಹೇಳಿದಳು: “ಹೇಳ್ದೆ.”

“ನನಗ ಗೊತ್ತಿತ್ತು. ಅಲ್ಲಿದ್ದವ್ರು ಗಾಜಿನ ಆಚಿಂದ ಕೈ ಮಾಡ್ಲತ್ತಿದ್ರು, ಹಾಡು ಹಾಡು ಅಂತ. ನೀ ಮುಗಿಸೂ ತನಕ ನಾ ಬಾಯಿ ತೆರಿಲಿಲ್ಲ ನೋಡು.”

ಗೋಡೆಯ ಆಚೆ ಕಾಳಿನ ಸದ್ದು ನಿಂತಿತು. ಬಹಳ ಹೊತ್ತು ಮತ್ತೆ ಶುರುವಾಗಲಿಲ್ಲ. ಆ ಸಂಜೆ ಅಪ್ಪ ರೇಡಿಯೋ ಹಚ್ಚಲಿಲ್ಲ. ಗುಮಾಸ್ತರು ಬಂದು, ಕೂತು, ಎದ್ದು ಹೋದರು.

ಅದರ ಬಗ್ಗೆ ಅಪ್ಪ ಅವ್ವನೊಡನೆ ಒಂದು ಮಾತೂ ಆಡಲಿಲ್ಲ. ಆ ಕಾಲದ ಗಂಡಸರು ಅಂಥವರೇ, ಒಂದು ತಪ್ಪಾಯಿತು ಅನ್ನುವುದಕ್ಕಿಂತ ಒಂದು ಚೀಲ ತೊಗರಿ ಹೊರುವುದು ಸುಲಭ. ಆದರೆ ಒಂದು ಹೊಸ ರೂಢಿ ಬಂತು. ರೇಡಿಯೋ ನಡುವೆ ಸುಮ್ಮನಾದರೆ ಅಪ್ಪ ಗುಂಡಿ ಮುಟ್ಟುತ್ತಿರಲಿಲ್ಲ, ಬೇರೆಯವರನ್ನೂ ಮುಟ್ಟಗೊಡುತ್ತಿರಲಿಲ್ಲ. ತಡೀರಿ, ಅಲ್ಲಿ ಯಾರೋ ಹಾದಿ ನೋಡ್ಲತ್ತಾರ ಅನ್ನುತ್ತಿದ್ದರು. ಒಮ್ಮೆ ಬ್ಯಾಟರಿಯೇ ಸತ್ತುಹೋಗಿತ್ತು. ಗಂಜಿನ ನಾಲ್ಕು ಜನ ದೊಡ್ಡ ಮನುಷ್ಯರು ಸತ್ತ ರೇಡಿಯೋದ ಮುಂದೆ ಗಪ್ಪಾಗಿ ಕೂತು ಯಾರದೋ ಹಾದಿ ನೋಡಿದರು. ಆವಾಜಿನ ಹುಚ್ಚು ತಲೆಗೇರಿದೆ ಎಂದು ಊರು ನಗುತ್ತಿತ್ತು. ಅವ್ವ ನಗುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಚಹಾ ತಂದು ಅವರ ಪಕ್ಕದಲ್ಲಿಟ್ಟು ಹೋಗುತ್ತಿದ್ದಳು. ಅವಳಿಗೆ ಎಲ್ಲ ಗೊತ್ತಾಗಿತ್ತು ಅಂತ ನನ್ನ ಗುಮಾನಿ.

ಮೌಶಿ ಆಮೇಲೂ ಬಂದುಹೋಗುತ್ತಿದ್ದಳು. ಆದರೆ ಅಷ್ಟರಲ್ಲಿ ಗಂಜಿಗೆ ಹಿಟ್ಟಿನ ಗಿರಣಿ ಬಂದಿತ್ತು, ಬೀಸುಕಲ್ಲು ಹಿತ್ತಲಿಗೆ ಹೋಗಿತ್ತು. ಕಲ್ಲಿಲ್ಲದೆ ಅವರು ಹಾಡುತ್ತಿರಲಿಲ್ಲ. ಒಬ್ಬಳೇ ಕಾಳು ಕೇರುವಾಗ ಅವ್ವ ತನ್ನ ಪಾಲಿನ ಸಾಲುಗಳನ್ನಷ್ಟೇ ಹಾಡಿಕೊಳ್ಳುತ್ತಿದ್ದಳು. ಮೊದಲು ಒಂದು ಸಾಲಿನಷ್ಟು ಹೊತ್ತು ಸುಮ್ಮನಿರುತ್ತಿದ್ದಳು, ಬರೀ ಮೊರದ ಸದ್ದು. ಆಮೇಲೆ, “ಬಂದೇನ ತಂಗೆವ್ವ, ಕಲ್ಲ ನಿಲ್ಲಸಬ್ಯಾಡ.” ಮತ್ತೆ ಮೊರದ ಸದ್ದು. ನಡುವೆ ಯಾಕೆ ಬಿಡುತ್ತೀ ಎಂದು ಕೇಳಿದರೆ, ಅದು ಅಕಿದು ಎನ್ನುತ್ತಿದ್ದಳು. ಹಾಗಾಗಿ ನನಗೆ ಬರುವುದು ಅರ್ಧ ಹಾಡು. ಅದಕ್ಕೆ ಕೂಡುವ ಇನ್ನರ್ಧ ಮೌಶಿಯ ಜೊತೆಯೇ ಹೋಯಿತು. ಈ ಐದು ಪೆಟ್ಟಿಗೆಗಳು ಲೋಕದ ಯಾವ ಹಾಡನ್ನು ಕೇಳಿದರೂ ಕ್ಷಣದಲ್ಲಿ ತಂದುಕೊಡುತ್ತವಂತೆ. ಮಗ ಹೇಳುತ್ತಾನೆ, ನಿನಗೆ ಬೇಕಾದದ್ದು ಕೇಳು ಅವ್ವ ಎಂದು. ಏನಂತ ಕೇಳಲಿ? ಹೊಟ್ಟಿನ ನಡುವೆ ಒಂದೇ ಸಲ ಕೇಳಿದ ಆ ಸಾಲಿನ ಮೊದಲ ಶಬ್ದವೂ ನನಗೆ ಈಗ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಇಷ್ಟು ಹಂಬಲ ಇರಬಹುದು ಎಂದು ಮೊದಲು ನಾನು ನಂಬುತ್ತಿರಲಿಲ್ಲ.

ಸೊಸೆ ಸಾಲೆಯಲ್ಲಿ ಪಾಠ ಮುಗಿಸಿ ಬರುವ ಮೊದಲು, ಮಧ್ಯಾಹ್ನ, ನಾನೊಬ್ಬಳೇ ಆ ಪೆಟ್ಟಿಗೆಗಳ ನಡುವೆ ಕೂರುತ್ತೇನೆ. ಹಾಡು ನಿಂತಾಗ ಇವು ಪೂರ್ತಿ ಸತ್ತ ಹಾಗೆ ಸುಮ್ಮನಾಗುತ್ತವೆ. ಒಂದಿಷ್ಟೂ ಹೊಟ್ಟಿಲ್ಲ. ನಮ್ಮ ರೇಡಿಯೋ ಸುಮ್ಮನಾದಾಗ ಸುಂಯ್ ಅನ್ನುತ್ತಿತ್ತು, ಆ ಸುಂಯ್‌ನ ಕೊನೆಯಲ್ಲಿ ಯಾರೋ ಉಸಿರು ಹಿಡಿದು ನಿಂತಿದ್ದಾರೆ ಅನಿಸುತ್ತಿತ್ತು. ನನಗೆ ಆ ಹೊಟ್ಟು ಬೇಕು. ಇದನ್ನು ಹೇಳಿದರೆ ಮಗ ಮತ್ತೆ ಅಂಗಡಿಗೆ ಫೋನು ಮಾಡುತ್ತಾನೆ.

ಅವ್ವ ತೀರಿಕೊಂಡ ವರ್ಷ ನಾನು ಭಾಲ್ಕಿಗೆ ಹೋಗಿದ್ದೆ. ಅಪ್ಪನಿಗೆ ಕಿವಿ ಮಂದವಾಗಿತ್ತು. ಆದರೂ ಮಧ್ಯಾಹ್ನದ ಊಟವಾದ ಮೇಲೆ ಅದೇ ರೇಡಿಯೋದ ಮುಂದೆ ಕೂರುತ್ತಿದ್ದರು, ಕೆಳಗೆ ಅದೇ ತೊಗರಿ ಚೀಲ. ಯಾವುದೋ ಹಾಡು ಬರುತ್ತಿತ್ತು. ನಡುವೆ ಇದ್ದಕ್ಕಿದ್ದಂತೆ ನಿಂತಿತು. ಅಭ್ಯಾಸಬಲದಿಂದ ನಾನೇ ಗುಂಡಿಗೆ ಕೈ ಚಾಚಿದೆ. ಅಪ್ಪ ನನ್ನ ಮುಂಗೈ ಹಿಡಿದರು. ಅವರ ಕಣ್ಣು ರೇಡಿಯೋದ ಬಂಗಾರದ ಬಟ್ಟೆಯ ಮೇಲಿತ್ತು. ಎಂದೂ ಒಂದು ಸಾಲು ಗುನುಗದಿದ್ದ ಮನುಷ್ಯ, ಶ್ರುತಿ ಇಲ್ಲದ, ಒಡೆದ ಗಂಟಲಿನಲ್ಲಿ, ಮೆಲ್ಲಗೆ, ಅವ್ವನ ಸಾಲನ್ನು ಪೂರ್ತಿ ಹೇಳಿದರು: “ಬಂದೇನ ತಂಗೆವ್ವ, ಕಲ್ಲ ನಿಲ್ಲಸಬ್ಯಾಡ.”

ಹೇಳಿ, ನನ್ನ ಕೈ ಬಿಟ್ಟರು.

ಆವಾಜು ಹೇಗಿತ್ತು ಅನ್ನುತ್ತೀರಾ? ಗಂಜಿನಲ್ಲಿ ಯಾರಾದರೂ ಅಂಥದ್ದನ್ನು ತಂದು ತಾಟಿಗೆ ಸುರಿದಿದ್ದರೆ, ಅಪ್ಪನೇ ತಿರುಗಿ ಕಳಿಸಿರುತ್ತಿದ್ದರು, ಹಸಿ ಅದ, ಇನ್ನಾ ಒಣಗಿಲ್ಲ ಎಂದು.